ಒತ್ತು ಬಿಟ್ಟ ಸನ್ಮಾನ ಪತ್ರ

ಎರಡೇ ಎರಡು ಸಾಲು. ಮೊದಲ ಪುಟದಲ್ಲಿ ಜಾಗ ಸಾಲದೆ ಎರಡನೆಯ ಪುಟಕ್ಕೆ ಜಾರಿ, ಕೊನೇ ಬಸ್ಸು ತಪ್ಪಿಸಿಕೊಂಡವರ ಹಾಗೆ ಅಲ್ಲಿ ದಿಕ್ಕು ತೋಚದೆ ನಿಂತಿದ್ದವು. ರುದ್ರಮುನಿ ಮೇಷ್ಟ್ರ ಅವತ್ತಿನ ಗ್ರಹಚಾರವೆಲ್ಲ ಶುರುವಾದದ್ದು ಆ ಎರಡು ಸಾಲಿನಿಂದ.

ರುದ್ರಮುನಿ ಮೇಷ್ಟ್ರು ನ್ಯಾಮತಿಯವರು. ಶಾಲೆಯಿಂದ ನಿವೃತ್ತರಾದ ಮೇಲೆ ಒಂದು ಲ್ಯಾಪ್‌ಟಾಪೂ ಒಂದು ಪ್ರಿಂಟರೂ ಕೊಂಡಿದ್ದರು. ಅದೇ ತಪ್ಪಾಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ನಿವೃತ್ತ ಶಿಕ್ಷಕರು ಸೇರಿ ಬಳಗ ಕಟ್ಟಿಕೊಂಡಾಗ, "ಪ್ರಿಂಟರ್ ಯಾರ ಮನ್ಯಾಗೈತೋ ಅವರೇ ಕಾರ್ಯದರ್ಶಿ" ಎಂದು ಅವಿರೋಧವಾಗಿ ಆರಿಸಿಬಿಟ್ಟರು. ಅಂದಿನಿಂದ ಬಳಗದ ಆಹ್ವಾನ, ವರದಿ, ಶ್ರದ್ಧಾಂಜಲಿ ಎಲ್ಲವೂ ಅವರ ಮನೆಯ ಪಡಸಾಲೆಯಲ್ಲೇ ಹುಟ್ಟುತ್ತಿದ್ದವು.

ಈ ಸಲ ಹುಟ್ಟಬೇಕಾಗಿದ್ದದ್ದು ಪ್ರೇಮಮ್ಮ ಟೀಚರ ಸನ್ಮಾನ ಪತ್ರ. ಎಂಬತ್ತು ದಾಟಿದ ಪ್ರೇಮಮ್ಮ ಟೀಚರ್ ಜಗಳೂರಿನಲ್ಲಿ ಕೆಲಸಕ್ಕೆ ಸೇರಿ, ಚನ್ನಗಿರಿ, ಹೊನ್ನಾಳಿ ಸುತ್ತಿ, ನ್ಯಾಮತಿಯಲ್ಲಿ ನಿವೃತ್ತರಾದವರು. ನಾಲ್ಕೂ ಊರಿನಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದ ತಲೆಮಾರಿಲ್ಲ. ಬೇರೆ ಯಾವ ತಪ್ಪಿಗಾದರೂ ಅವರಲ್ಲಿ ಕ್ಷಮೆಯಿತ್ತು, ಒತ್ತಕ್ಷರ ಬಿಟ್ಟವರಿಗೆ ಮಾತ್ರ ಇರಲಿಲ್ಲ. 'ಕತ್ತೆ' ಎಂದು ಬರೆಯಲು ಹೋಗಿ 'ಕತೆ' ಎಂದು ಬರೆದಿದ್ದ ಐದನೇ ಕ್ಲಾಸಿನ ರುದ್ರಮುನಿಯ ಎಡಗಿವಿಗೆ ಆ ನೆನಪು ಈಗಲೂ ಇತ್ತು.

ಕಾರ್ಯಕ್ರಮ ಮಧ್ಯಾಹ್ನ, ಬಸ್ ಸ್ಟ್ಯಾಂಡ್ ಹತ್ತಿರದ ಸಮುದಾಯ ಭವನದಲ್ಲಿ. ಬಳಗದ ಉಳಿದ ಮೂವರು ಪದಾಧಿಕಾರಿಗಳು ಬೆಳಿಗ್ಗೆಯೇ ಮೇಷ್ಟ್ರ ಮನೆಗೆ ಬಂದು, ಉಪ್ಪಿಟ್ಟು ತಿಂದು, ಅವರ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೂವರೂ ಮೇಷ್ಟ್ರುಗಳೇ. ಬೇರೆಯವರು ಬರೆಯುವುದನ್ನು ಹಿಂದೆ ನಿಂತು ನೋಡಿಯೇ ಆಯಸ್ಸು ಕಳೆದವರು.

"ಪ್ಯಾರಾ ಶುರುವಾಗೋ ಕಡೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಬಿಡ್ರಿ," ಎಂದರು ಚನ್ನಗಿರಿಯ ಬೆನಕಪ್ಪ. "ಮಾತಾಡಾಕೆ ಮುಂಚೆ ಮನುಷ್ಯ ಉಸಿರು ತಗಳಲ್ವಾ? ಹಂಗೆ."

"ಅದಿರ್ಲಿ, ಸಾಲಿಗೂ ಸಾಲಿಗೂ ನಡುವೆ ಗಾಳಿ ಆಡ್ಬೇಕು," ಎಂದರು ಹೊನ್ನಾಳಿಯ ಬುಡನ್‌ಸಾಬ್. "ನಮ್ಮ ಹೊಳೆ ನೋಡ್ರಿ ಮೇಷ್ಟ್ರೆ, ಎರಡು ದಡದ ನಡುವೆ ಎಷ್ಟು ಆರಾಮಾಗಿ ಹರಿತೈತೆ."

"ನಿಮ್ಮೂರಾಗೆ ಹೊಳೆ ಐತೆ, ಹರಿಸ್ತೀರಿ," ಎಂದರು ಜಗಳೂರು ತಾಲ್ಲೂಕು ಸೊಕ್ಕೆಯ ಕೊಟ್ರಬಸಪ್ಪ. ಗಣಿತದ ಮೇಷ್ಟ್ರಾಗಿದ್ದವರು. "ನಮ್ ಕಡೆ ಪಾತ್ರೆ ತೊಳೆದ ನೀರನ್ನೂ ಗಿಡದ ಬುಡಕ್ಕೆ ಹಾಕ್ತೀವಿ. ಹಾಳೆನೂ ಹಂಗೇ ಉಳಿಸ್ಬೇಕು. ಸಾಲು ಒತ್ತಿ ಕೂರಿಸ್ರಿ."

ರುದ್ರಮುನಿ ಮೇಷ್ಟ್ರಿಗೂ ಒಂದು ಚಪಲವಿತ್ತು. ನ್ಯಾಮತಿ ತಾಲ್ಲೂಕಾಗಿ ಇನ್ನೂ ಬಹಳ ಕಾಲವಾಗಿರಲಿಲ್ಲವಾದ್ದರಿಂದ, ಅವಕಾಶ ಸಿಕ್ಕಲ್ಲೆಲ್ಲ 'ನ್ಯಾಮತಿ ತಾಲ್ಲೂಕು' ಎಂದು ದಪ್ಪ ಅಕ್ಷರದಲ್ಲಿ ತುರುಕುತ್ತಿದ್ದರು. ಹೀಗೆ ಉಸಿರು, ಗಾಳಿ, ಅಭಿಮಾನ ಎಲ್ಲ ಸೇರಿ ಕೊನೆಯ ಎರಡು ಸಾಲು ಎರಡನೇ ಪುಟಕ್ಕೆ ಬಿದ್ದಿದ್ದವು. ಅಂಗಡಿಯಿಂದ ತಂದಿದ್ದ ಗಾಜಿನ ಫ್ರೇಮಿಗೆ ಹಿಡಿಯುವುದು ಒಂದೇ ಪುಟ. ಚಿನ್ನದ ಬಣ್ಣದ ಅಂಚಿನ ದಪ್ಪ ಕಾಗದ ಇದ್ದದ್ದೂ ಒಂದೇ.

ಸರಿ, ಮೇಷ್ಟ್ರು ಮೂವರ ಮಾತೂ ನಡೆಯುವಂತೆ ಪ್ಯಾರಾ ಹೊಂದಿಸಿದರು. ಹೊಸ ಫೈಲು ತೆರೆದು ಕಾರ್ಯಕ್ರಮದ ಪಟ್ಟಿ ಶುರುಮಾಡಿದರೆ ಎಲ್ಲವೂ ಮೊದಲಿನಂತೆ! ಉಸಿರಿಲ್ಲ, ಅಂಚು ಸಮ ಇಲ್ಲ, ಪ್ಯಾರಾದ ಕೆಳಗೆ ಯಾರೂ ಕೇಳದ ಖಾಲಿ ಜಾಗ. ಮತ್ತೆ ಹೊಂದಿಸಿದರು. ಸ್ವಾಗತ ಭಾಷಣಕ್ಕೆಂದು ಇನ್ನೊಂದು ಫೈಲು ತೆರೆದರೆ ಅಲ್ಲಿಯೂ ಅದೇ ಹಾಡು.

ಚಹಾ ತಂದ ಅವರ ಹೆಂಡತಿ ಪ್ರಮೀಳಾ ಇಣುಕಿ ನೋಡಿದರು. "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ ರೀ, ನಿಮ್ ಮಿಷನ್ನೂ ಅಷ್ಟೇ. ನೀವು ಹೊರಗೆ ಹೋಗೋವಾಗ ಹಾಕ್ಕಂಡ ಇಸ್ತ್ರಿ ಅಂಗಿ ಮನೆಗೆ ಬರ್ತಿದ್ದಂಗೆ ಬಿಚ್ಚಿ ಬಿಸಾಕ್ತೀರಲ್ಲ, ಹಂಗೆ ಮಾಡ್ತೈತೆ."

ಈ ಮಾತು ಮೇಷ್ಟ್ರಿಗೆ ಚುಚ್ಚಿತು. ಪ್ಯಾರಾಗ್ರಾಫ್ ಎನ್ನುವ ಕಿಟಕಿಯನ್ನು ತೆರೆದು, ಕನ್ನಡಕ ಏರಿಸಿ, ಮೂಲೆಮೂಲೆ ಹುಡುಕಿದರು. ಕೆಳಗೆ ಎಡಗಡೆ, ಮೆಟ್ಟಿಲ ಕೆಳಗೆ ಅಡಗಿದ ಬೆಕ್ಕಿನ ಹಾಗೆ ಒಂದು ಗುಂಡಿ ಕೂತಿತ್ತು: ಸೆಟ್ ಆಸ್ ಡಿಫಾಲ್ಟ್.

"ಸಿಕ್ತು!" ಎಂದು ಕೂಗಿದರು. "ಇದನ್ನ ಒತ್ತಿದ್ರೆ ಇನ್ಮೇಲೆ ಯಾವ ಫೈಲ್ ತೆರೆದ್ರೂ ನಾವು ಹೇಳಿದಂಗೇ ಬರ್ತೈತೆ. ಮಿಷನ್ನಿನ ಹುಟ್ಟುಗುಣನೇ ಬದ್ಲಾಯಿಸ್ಬಿಡಬಹುದು!"

"ಒತ್ತಾಕೆ ಮುಂಚೆ ತಡ್ಕಳ್ರಿ," ಎಂದರು ಕೊಟ್ರಬಸಪ್ಪ. "ಆ ಎರಡು ಸಾಲಿನ ಗತಿ? ಸಾಲಿನ ಅಂತರ ಅಂತ ಐತಲ್ಲ, ಅದ್ರಾಗೆ ಏನೇನೈತೆ ಓದ್ರಿ."

"ಸಿಂಗಲ್, ಡಬಲ್… ಎಕ್ಸಾಕ್ಟ್ಲಿ."

"ಎಕ್ಸಾಕ್ಟ್ಲಿ ಅಂದ್ರೆ ಕರಾರುವಾಕ್ಕು! ಮೇಷ್ಟ್ರಾದೋರಿಗೆ ಅದಕ್ಕಿಂತ ಇನ್ನೇನು ಬೇಕ್ರೀ? ಹನ್ನೆರಡು ಅಂತ ಹಾಕ್ರಿ."

ಅಕ್ಷರದ ಅಳತೆ ಹದಿನಾರು, ಸಾಲಿಗೆ ಕೊಟ್ಟ ಎತ್ತರ ಹನ್ನೆರಡು. ಆರಡಿ ಆಳನ್ನು ನಾಲ್ಕೂವರೆ ಅಡಿ ಮಂಚದಲ್ಲಿ ಮಲಗಿಸಿದರೆ ಕಾಲುಗಳು ಎಲ್ಲಿಗೆ ಹೋಗುತ್ತವೆ ಎಂದು ಆ ಗಣಿತದ ಮೇಷ್ಟ್ರಿಗೂ ಹೊಳೆಯಲಿಲ್ಲ. ರುದ್ರಮುನಿ ಮೇಷ್ಟ್ರು ಹನ್ನೆರಡು ಹಾಕಿ ಗುಂಡಿ ಒತ್ತಿದರು. ಈ ಫೈಲಿಗೆ ಮಾತ್ರವೋ ಎಲ್ಲ ಫೈಲಿಗೂ ಸೇರಿಸಿಯೋ ಎಂದು ಯಂತ್ರ ಕೇಳಿತು. "ಎಲ್ಲಕ್ಕೂ!" ಎಂದು ಮೂವರೂ ಒಂದೇ ಕೊರಳಿನಲ್ಲಿ ಕೂಗಿದರು. ಮೇಷ್ಟ್ರು ಎಲ್ಲಕ್ಕೂ ಎಂದೇ ಒತ್ತಿದರು.

ಇಡೀ ಪುಟ ಒಂದೇ ನೋಟಕ್ಕೆ ಕಾಣಲಿ ಎಂದು ಪರದೆಯನ್ನು ಕುಗ್ಗಿಸಿದ್ದರಿಂದ ಅಕ್ಷರಗಳು ಇರುವೆ ಸಾಲಿನಂತೆ ಕಂಡವು. ದಪ್ಪ ಕಾಗದ ಪ್ರಿಂಟರಿನಿಂದ ಹೊರಬಂದದ್ದೂ ಕರೆಂಟು ಹೋದದ್ದೂ ಒಟ್ಟಿಗೇ ಆಯಿತು. ನಾಲ್ವರ ಕಣ್ಣೂ ನೆಟ್ಟಿದ್ದು ಪುಟದ ಕೊನೆಯ ಸಾಲಿನ ಮೇಲೆ. 'ಬಳಗದ ಪದಾಧಿಕಾರಿಗಳು.' ಬಂದಿದೆ! ಒಂದೇ ಪುಟದಲ್ಲಿ ಬಂದಿದೆ! ಆ ಒಂದು ಸಾಲಿನಲ್ಲಿ ಒತ್ತಕ್ಷರವೇ ಇರಲಿಲ್ಲ ಎನ್ನುವುದನ್ನು ಯಾರೂ ಗಮನಿಸಲಿಲ್ಲ. ಬೆನಕಪ್ಪ ಕೈ ಕುಲುಕಿದರು, ಬುಡನ್‌ಸಾಬ್ ಬೆನ್ನು ತಟ್ಟಿದರು, ಕೊಟ್ರಬಸಪ್ಪ "ಒಂದು ಹಾಳೆ ಉಳೀತು" ಎಂದು ಕಣ್ಣು ಮುಚ್ಚಿ ಸುಖಪಟ್ಟರು. ಪತ್ರ ಫ್ರೇಮಿಗೆ ಸೇರಿತು. ಕರೆಂಟು ಹೋಗುವ ಮೊದಲೇ ಹೊಸ ಡಿಫಾಲ್ಟಿನಲ್ಲಿ ಅಚ್ಚಾಗಿದ್ದ ಕಾರ್ಯಕ್ರಮದ ಪಟ್ಟಿ ನಾಲ್ಕಾಗಿ ಮಡಚಿಕೊಂಡು ಮೇಷ್ಟ್ರ ಜೇಬು ಸೇರಿತು. ನಾಲ್ವರೂ ಮೆರವಣಿಗೆಯಂತೆ ಭವನಕ್ಕೆ ಹೊರಟರು.

ಭವನದಲ್ಲಿ ನಿರೂಪಣೆಗೆ ಸಂಧ್ಯಾರಾಣಿ ಸಿದ್ಧರಾಗಿದ್ದರು. ಇನ್ನೂ ಸೇವೆಯಲ್ಲಿದ್ದ ಹೈಸ್ಕೂಲು ಶಿಕ್ಷಕಿ. ಬರೆದುಕೊಟ್ಟದ್ದನ್ನು ಬರೆದಂತೆ ಓದುವುದು ಅವರ ಶಿಸ್ತು. ಪಟ್ಟಿ ಕೈಗೆ ಬಂದದ್ದೇ ಬ್ಯಾಟರಿ ಮೈಕು ಸರಿಯಿದೆಯೇ ನೋಡಲು ಗಂಟಲು ಸರಿಮಾಡಿಕೊಂಡು ಓದಿದರು.

"ಸಾಗತ ಭಾಷಣ: ಶೀ ಬೆನಕಪ!"

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಬೆನಕಪ್ಪ ಒಂದು ಕಾಲು ಎತ್ತಿಕೊಂಡೇ ನಿಂತರು. "ಏನಮ್ಮಾ, ಯಾಕೆ ಶೀ ಅಂತೀಯಾ? ನಾನೇನು ಮಾಡ್ದೆ?"

"ಪಾಸಾವಿಕ ನುಡಿ: ಶೀ ಬುಡನ್‌ಸಾಬ್. ವಂದನಾರ್ಪಣೆ: ಶೀ ಕೊಟಬಸಪ."

"ನಂಗೊಬ್ಬಂಗೇ ಅಲ್ಲ ಬಿಡ್ರಿ," ಎಂದು ಬೆನಕಪ್ಪ ಸಮಾಧಾನದಿಂದ ಕಾಲು ಕೆಳಗಿಟ್ಟರು.

"ಬಳಿಕ, ಶೀಮತಿ ಪೇಮಮ ಅವರಿಗೆ ಸನಾನ."

ಸಂಧ್ಯಾರಾಣಿ ಅಲ್ಲಿಗೆ ನಿಲ್ಲಿಸಿ, ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಸಾರ್, ಇದ್ರಾಗೆ ಅಕ್ಷರಕ್ಕೆ ಕಾಲೇ ಇಲ್ಲ!"

ರುದ್ರಮುನಿ ಮೇಷ್ಟ್ರು ಹಾಳೆ ಕಸಿದುಕೊಂಡರು. ಹೌದು. ಸ್ವಾಗತದ ಒತ್ತಿಲ್ಲ, ಶ್ರೀಯ ಒತ್ತಿಲ್ಲ, ಸನ್ಮಾನದ ಒತ್ತಿಲ್ಲ. ಕುಡುಗೋಲಿನಲ್ಲಿ ರಾಗಿ ಕೊಯ್ದ ಹಾಗೆ ಯಂತ್ರ ಪ್ರತಿ ಸಾಲನ್ನೂ ಬುಡಕ್ಕೆ ಕೊಯ್ದುಹಾಕಿತ್ತು. ಫ್ರೇಮಿಗೆ ಸುತ್ತಿದ್ದ ಪೇಪರು ಬಿಚ್ಚಿದರು. ಚಿನ್ನದ ಅಂಚಿನ ನಡುವೆ, 'ಒತಕರದ ಅಧಿದೇವತೆ' ಎಂದು ದಪ್ಪ ಅಕ್ಷರದಲ್ಲಿ ಹೊಳೆಯುತ್ತಿತ್ತು. ಅದರ ಕೆಳಗೆ, 'ತಮ ಪತಿಯವರಿಗೆ ತಕ ಪತಿಯಾಗಿ ಬಾಳಿ.'

"ಅಯ್ಯಯ್ಯೋ," ಎಂದರು ಬುಡನ್‌ಸಾಬ್, "ಟೀಚರ್ನ ಗಂಡಸು ಮಾಡಿಬಿಟ್ರಲ್ರೀ!"

"ಎಕ್ಸಾಕ್ಟ್ಲಿ ಅಂದೋರು ಯಾರು?" ಎಂದರು ಬೆನಕಪ್ಪ.

"ಹನ್ನೆರಡು ಅಂದೆ ಹೊರ್ತು ಕಾಲು ಕಡೀರಿ ಅಂದ್ನಾ?" ಎಂದರು ಕೊಟ್ರಬಸಪ್ಪ.

ಮತ್ತೆ ಅಚ್ಚು ಹಾಕೋಣವೆಂದರೆ ಕರೆಂಟಿಲ್ಲ. ಕರೆಂಟು ಬಂದರೂ ಚಿನ್ನದ ಅಂಚಿನ ಕಾಗದ ಇನ್ನೊಂದಿಲ್ಲ. ಅಷ್ಟರಲ್ಲಿ ಸಾಸ್ವೆಹಳ್ಳಿಯಿಂದ ಪ್ರೇಮಮ್ಮ ಟೀಚರನ್ನು ಕರೆತರಲು ಹೋಗಿದ್ದ ಕಾರು ಊರೊಳಗೆ ಬಂದಿತೆಂದು ಫೋನು ಬಂತು. ರುದ್ರಮುನಿ ಮೇಷ್ಟ್ರ ಎಡಗಿವಿ ತಾನಾಗಿಯೇ ಬಿಸಿಯಾಯಿತು.

ಹೆದರಿಕೆ ಮಿತಿಮೀರಿದಾಗ ಕೆಲವರು ಮೂರ್ಛೆ ಹೋಗುತ್ತಾರೆ, ಕೆಲವರು ಎದ್ದು ನಿಲ್ಲುತ್ತಾರೆ. ರುದ್ರಮುನಿ ಮೇಷ್ಟ್ರು, ಅವರಿಗೇ ಆಶ್ಚರ್ಯವಾಗುವಂತೆ, ಎದ್ದು ನಿಂತರು.

"ಸಂಧ್ಯಾ ಮೇಡಂ, ಟೀಚರ್ ಬಂದ್ಮೇಲೆ ಪ್ರಾರ್ಥನೆ ಮಾಡಿಸ್ರಿ. ಒಂದಲ್ಲ, ಎಷ್ಟು ಬರ್ತಾವೋ ಅಷ್ಟೂ. ಬುಡನ್‌ಸಾಬ್, ನಿಮ್ಮ ಕರಿ ಪೆನ್ ಕೊಡ್ರಿ. ಬರ್ರಿ ಅಡುಗೆಮನೆಗೆ!"

ಅಡುಗೆಯ ಕಟ್ಟೆಯ ಮೇಲೆ ತರಕಾರಿ ಸರಿಸಿ, ಫ್ರೇಮಿನ ಗಾಜು ಬಿಚ್ಚಿ, ಮೇಷ್ಟ್ರು ಒತ್ತು ಹಾಕಲು ಕೂತರು. ಮೂವರೂ ಸುತ್ತ ನಿಂತು, ಹೆರಿಗೆ ಕೋಣೆಯ ಮುದುಕಿಯರಂತೆ ಸಲಹೆ ಕೊಡತೊಡಗಿದರು.

"ತಕ್ಕಕ್ಕೆ ಕ ಒತ್ತು!"

"ಮೊದ್ಲು ಪತ್ನಿಗೆ ನ ಒತ್ತು ಹಾಕ್ರಿ! ಅವರ ಯಜಮಾನ್ರು ಅವಾಗಿಂದ ಹೆಂಡ್ತಿ ಇಲ್ದೆ ನಿಂತವ್ರೆ!"

"ಏ, ಅದು ತ ಒತ್ತಲ್ಲ ಮಾರಾಯ್ರೆ, ಯ ಒತ್ತು!"

ಒತ್ತು ಹಾಕಲು ಕೆಳಗೆ ಜಾಗವಾದರೂ ಎಲ್ಲಿತ್ತು? ಕೊಟ್ರಬಸಪ್ಪನವರ ಹನ್ನೆರಡು ಒಂದು ಕೂದಲೆಳೆಯಷ್ಟೂ ಉಳಿಸಿರಲಿಲ್ಲ. ಮೇಷ್ಟ್ರು ಪ್ರತಿ ಒತ್ತಿನ ಬಾಲವನ್ನೂ ಬಳ್ಳಿಯ ಕುಡಿಯಂತೆ ಪಕ್ಕಕ್ಕೆಳೆದು, ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯದಂತೆ ಸುತ್ತಿಸಿ, ಸಂದಿಯಲ್ಲಿ ಕೂರಿಸಿದರು. ಹೊರಗೆ ಒಂದು ಪ್ರಾರ್ಥನೆ ಮುಗಿದು ಎರಡನೆಯದು ಶುರುವಾಯಿತು. ಎರಡನೆಯದು ಮುಗಿದು ಮೂರನೆಯದು. ಮೂರನೆಯದರಲ್ಲಿ ಸಂಧ್ಯಾರಾಣಿ ಪಲ್ಲವಿಯನ್ನೇ ಹಿಡಿದುಕೊಂಡು ಗಾಣದ ಎತ್ತಿನಂತೆ ಸುತ್ತುತ್ತಿದ್ದರು. ಕೊನೆಯ ಒತ್ತು ಬಿದ್ದಾಗ ಮೇಷ್ಟ್ರ ಬೆರಳು ಸೆಟೆದುಕೊಂಡಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಕಾಗದ ಎತ್ತಿ ಬೆಳಕಿಗೆ ಹಿಡಿದರು. ಮೂವರು ಸಲಹೆಗಾರರೂ ಮೊಟ್ಟಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡರು. ಅಕ್ಷರದ ಕೆಳಗೆಲ್ಲ ಹೂಬಳ್ಳಿ ಹಬ್ಬಿದಂತೆ ಕಾಣುತ್ತಿತ್ತು.

ವೇದಿಕೆಯ ನಡುವೆ ಪ್ರೇಮಮ್ಮ ಟೀಚರ್ ಬಿಳಿ ಸೀರೆಯುಟ್ಟು, ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡು ಕೂತಿದ್ದರು. ಭವನ ತುಂಬಿತ್ತು. ಹಾರ ಹಾಕಿದ್ದಾಯಿತು, ಶಾಲು ಹೊದಿಸಿದ್ದಾಯಿತು. ರುದ್ರಮುನಿ ಮೇಷ್ಟ್ರು ಫ್ರೇಮು ಹಿಡಿದು ಒಂದು ಹೆಜ್ಜೆ ಮುಂದಿಟ್ಟರು. ಆಗ ವೇದಿಕೆಯ ಪಕ್ಕದ ಬಾಗಿಲು ತೆರೆಯಿತು.

ಭವನದ ಕಾವಲುಗಾರ ಬೋರಣ್ಣ, ಹೊಗೆಯಾಡುವ ದೊಡ್ಡ ತಪ್ಪಲೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು, ಹೆಗಲ ಮೇಲೆ ಟವಲು ಹಾಕಿಕೊಂಡು ಒಳಗೆ ಬಂದ. ಸ್ವಲ್ಪ ಹೊತ್ತಿನ ಮುಂಚೆ ಮೈಕಿನಲ್ಲಿ ಕೇಳಿದ ಕಾರ್ಯಕ್ರಮವನ್ನು ಅವನು ಬಹಳ ಜವಾಬ್ದಾರಿಯಿಂದ ತೆಗೆದುಕೊಂಡಿದ್ದ.

"ಸ್ನಾನಕ್ಕೆ ನೀರು ಕಾದೈತ್ರಿ ಅಮ್ಮಾವ್ರೆ," ಎಂದ ಭಕ್ತಿಯಿಂದ. "ಇಲ್ಲೇ ಮಾಡ್ತೀರೋ, ಹಿಂದ್ಕಡೆ ಬರ್ತೀರೋ?"

ಪ್ರೇಮಮ್ಮ ಟೀಚರ್ ಕನ್ನಡಕದ ಮೇಲಿಂದ ಬೋರಣ್ಣನನ್ನು ನೋಡಿದರು, ಆಮೇಲೆ ರುದ್ರಮುನಿ ಮೇಷ್ಟ್ರನ್ನು. "ಏನಿದು? ಯಾರಿಗೆ ಸ್ನಾನ?"

ಬೆನಕಪ್ಪ ಬುಡನ್‌ಸಾಬರ ಹಿಂದೆ ಸರಿದರು. ಬುಡನ್‌ಸಾಬ್ ಕೊಟ್ರಬಸಪ್ಪನವರ ಹಿಂದೆ ಸರಿದರು. ಕೊಟ್ರಬಸಪ್ಪನವರ ಹಿಂದೆ ಗೋಡೆಯಿತ್ತು.

"ಸ್ನಾನ ಅಲ್ಲ ಟೀಚರ್," ಎಂದವು ರುದ್ರಮುನಿ ಮೇಷ್ಟ್ರ ತುಟಿಗಳು. ಮುಂದೇನು ಹೇಳುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ. "ಪಾದಪೂಜೆ! ನಿಮ್ಮ ಶಿಷ್ಯರೆಲ್ಲ ಸೇರಿ ನಿಮ್ಮ ಪಾದ ತೊಳಿಬೇಕು ಅಂತ… ಬಿಸಿನೀರು… ಮಂಡಿನೋವಿಗೂ ಒಳ್ಳೇದು."

ಹೇಳಿದವರೇ ಫ್ರೇಮನ್ನು ಮೇಜಿನ ಮೇಲಿಟ್ಟು, ತಪ್ಪಲೆಗೆ ತಣ್ಣೀರು ಬೆರೆಸಿ, ನೆಲದ ಮೇಲೆ ಕೂತು ಟೀಚರ ಪಾದ ತೊಳೆದರು. ಉಳಿದ ಮೂವರೂ ನಾ ಮುಂದು ತಾ ಮುಂದು ಎಂದು ಬಂದು ಸೇರಿಕೊಂಡರು. ಬೋರಣ್ಣ ಟವಲು ಕೊಟ್ಟ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. "ಇಂಥಾ ಸನ್ಮಾನ ಎಲ್ಲೂ ನೋಡಿರ್ಲಿಲ್ಲ ಬಿಡಪ್ಪ," ಎಂದು ಯಾರೋ ಗಟ್ಟಿಯಾಗಿ ಹೇಳಿದರು. ಚಪ್ಪಾಳೆಗೆ ತಗಡಿನ ಮಾಡು ಅದುರಿತು.

ಇನ್ನುಳಿದದ್ದು ಪತ್ರ. ಟೀಚರ್ ಅದನ್ನು ತೊಡೆಯ ಮೇಲಿಟ್ಟುಕೊಂಡು, ಯಾರಿಗೂ ಕೊಡದೆ ತಾವೇ ಓದಿದರು. ಮೈಕಿನಲ್ಲಿ, ತರಗತಿಯಲ್ಲಿ ಓದುವ ಹಾಗೆ, ಒಂದೊಂದು ಒತ್ತಿಗೂ ಒತ್ತು ಕೊಟ್ಟು. 'ಒತ್ತಕ್ಷರದ ಅಧಿದೇವತೆ' ದಾಟಿತು. 'ತಕ್ಕ ಪತ್ನಿ' ದಾಟಿತು. 'ಬಳಗದ ಪದಾಧಿಕಾರಿಗಳು' ಎಂದು ಮುಗಿಸಿ, ಪತ್ರವನ್ನು ಓರೆಯಾಗಿ ಬೆಳಕಿಗೆ ಹಿಡಿದರು. ಅವಸರದಲ್ಲಿ ಗಾಜು ಮರಳಿ ಹಾಕಿರಲಿಲ್ಲ. ಟೀಚರ್ ಒಂದು ಒತ್ತಿನ ಮೇಲೆ ಬೆರಳಾಡಿಸಿದರು. ಬೆರಳು ಕಪ್ಪಾಯಿತು.

"ಅಕ್ಷರ ಮಿಷನ್ನಿಂದು," ಎಂದರು. "ಒತ್ತು ಮನುಷ್ಯಂದು. ಯಾರ ಕೈ ಇದು?"

ಮೂರು ಬೆರಳುಗಳು ಕ್ಷಣ ತಡವಿಲ್ಲದೆ ರುದ್ರಮುನಿ ಮೇಷ್ಟ್ರತ್ತ ತಿರುಗಿದವು. ಅವರು ಐದನೇ ಕ್ಲಾಸಿನವರಂತೆ ಎದ್ದು ನಿಂತರು.

"ನಿನ್ನ ಹೆಸರೇನಪ್ಪ?"

ಇಷ್ಟು ವರ್ಷ ಇವರಿಗೆ ಹೆದರಿಕೊಂಡು ಬದುಕಿದ್ದೇನೆ, ಇವರಿಗೆ ನನ್ನ ಹೆಸರೇ ನೆನಪಿಲ್ಲವಲ್ಲ ಎಂದು ಮೇಷ್ಟ್ರಿಗೆ ಒಂದು ಗಳಿಗೆ ಬೇಸರವೇ ಆಯಿತು. "ರುದ್ರಮುನಿ, ಟೀಚರ್."

"ನೋಡ್ರಪ್ಪ," ಎಂದರು ಟೀಚರ್ ಸಭೆಯ ಕಡೆ ತಿರುಗಿ, "ನಾಲ್ಕು ತಾಲ್ಲೂಕಾಗೆ ಪಾಠ ಹೇಳಿದೀನಿ. ಮಿಷನ್ ಬಿಟ್ಟಿದ್ದನ್ನ ಕೈಯಾಗೆ ತುಂಬೋ ಶಿಷ್ಯ ಒಬ್ಬನಾದ್ರೂ ಸಿಗ್ತಾನೋ ಇಲ್ವೋ ಅಂತಿದ್ದೆ. ಸಿಕ್ಕಿದ. ಇಲ್ಲಿ ಬಾರೋ."

ತಮ್ಮ ಹೆಗಲ ಶಾಲನ್ನು ತೆಗೆದು ರುದ್ರಮುನಿ ಮೇಷ್ಟ್ರಿಗೆ ಹೊದಿಸಿದರು. ಸಭೆ ಎದ್ದು ನಿಂತಿತು. ಮೇಷ್ಟ್ರ ಎದೆ ಹಿಗ್ಗಿ ಅಂಗಿಯ ಗುಂಡಿ ಬಿಗಿಯಾಯಿತು. ಎಡಗಿವಿಗೆ ತಂಪು ಗಾಳಿ ಬೀಸಿದಂತಾಯಿತು.

"ಇನ್ನೊಂದು ಮಾತು," ಎಂದರು ಟೀಚರ್. ಸಭೆ ಕೂತಿತು. "ನನ್ನ ಜೀವನ ಚರಿತ್ರೆ ಬರೆಸಬೇಕು ಅಂತ ಬಹಳ ದಿನದಿಂದ ಆಸೆ. ಮೊಮ್ಮಗಳು ಮೊಬೈಲಾಗೆ ಬರೀತೀನಿ ಅಂದ್ಲು. 'ಅಜ್ಜಿ, ಒತ್ತು ಯಾಕೆ, ಅರ್ಥ ಆದ್ರೆ ಸಾಕಲ್ವಾ' ಅಂದ್ಲು. ಅವತ್ತೇ ನಿಲ್ಸಿದೆ. ಇವತ್ತು ನಂಗೆ ಬೇಕಾದ ಕೈ ಸಿಕ್ತು."

ಮೇಷ್ಟ್ರ ಎದೆ ಹಿಗ್ಗಿದಷ್ಟೇ ಬೇಗ ಕುಗ್ಗಿತು. "ಟೀಚರ್, ಕಂಪ್ಯೂಟರಾಗೆ ಆ ಡಿಫಾಲ್ಟ್ ಒಂದು ಸರಿ ಮಾಡಿಬಿಟ್ರೆ, ಒಂದು ವಾರದಾಗೆ…"

"ಆ ಮಿಷನ್ ಮುಚ್ಚಿ ಅದರ ಮೇಲೊಂದು ಬಟ್ಟೆ ಹೊದಿಸು. ನಾಳೆ ಬೆಳಿಗ್ಗೆಯಿಂದ ನಾನು ಹೇಳ್ತೀನಿ, ನೀನು ಬರಿ. ಉಕ್ತಲೇಖನ. ತಪ್ಪಿದ ಪದ ಹತ್ತತ್ತು ಸಲ."

"ಎಷ್ಟು… ಎಷ್ಟು ಪುಟ ಆಗಬಹುದು ಟೀಚರ್?"

"ಪುಟ ಯಾಕೋ ಎಣಿಸ್ತೀಯಾ? ಎಂಬತ್ತಾರು ವರ್ಷ ಬದುಕೀನಿ. ಎಲ್ಲಾ ನೆನಪೈತೆ."

ಮುಂದಿನ ಸಾಲಿನಿಂದ ಪ್ರಮೀಳಾ ಎದ್ದು ಕೈಮುಗಿದರು. ಮೇಷ್ಟ್ರು ಆಸೆಯಿಂದ ಆ ಕಡೆ ನೋಡಿದರು. "ಟೀಚರ್, ದಿನಾ ಸಾಸ್ವೆಹಳ್ಳಿಯಿಂದ ಓಡಾಡಾಕೆ ನಿಮ್ಗೆ ಕಷ್ಟ. ನಮ್ಮನ್ಯಾಗೆ ಒಂದು ರೂಮು ಖಾಲಿ ಐತೆ. ಮುಗಿಯೋವರೆಗೂ ಅಲ್ಲೇ ಇದ್ಬಿಡ್ರಿ. ಇವ್ರಿಗೂ ಶಿಸ್ತು ಬರ್ತೈತೆ."

"ಪ್ಯಾರಾ ಶುರುವಾಗೋ ಕಡೆ ಹೆಬ್ಬೆಟ್ಟಿನಷ್ಟು ಜಾಗ ಬಿಡೋದು ಮರೀಬ್ಯಾಡ್ರಿ," ಎಂದು ಬೆನಕಪ್ಪ ಕಿವಿಯಲ್ಲಿ ಉಸುರಿದರು. "ಸಾಲಿನ ನಡುವೆ ಗಾಳಿ," ಎಂದರು ಬುಡನ್‌ಸಾಬ್. ಕೊಟ್ರಬಸಪ್ಪನವರು, ಹಾಳೆಯ ಎರಡೂ ಬದಿ ಬರೆಯಬೇಕೆಂದೂ, ತಾವೂ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುವುದಾಗಿಯೂ ತಿಳಿಸಿದರು.

ಸಭೆ ಮತ್ತೊಮ್ಮೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶಾಲು ಹೊದ್ದು ನಡುವೆ ನಿಂತಿದ್ದ ರುದ್ರಮುನಿ ಮೇಷ್ಟ್ರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬೇರೆ ದಾರಿ ಕಾಣದೆ ತಾವೂ ತಟ್ಟಿದರು.